ಹಳೇ ಕಾರಿನ ಕೂಲಂಟ್ ಎಲ್ಲಿ ಹೋಗುತ್ತದೆ, ಇಂಜಿನ್ ಯಾಕೆ ಕಾಯುತ್ತದೆ: ಹುಬ್ಬಳ್ಳಿ-ಧಾರವಾಡ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಇಂಜಿನ್ ತಂಪಾಗಿಡುವ ದ್ರವವೇ ಕೂಲಂಟ್, ಅದು ಖರ್ಚಾಗುವ ಪದಾರ್ಥವಲ್ಲ. ಇಂಜಿನ್, ರೇಡಿಯೇಟರ್, ಹೀಟರ್ ಈ ಮೂರರ ನಡುವೆ ಮುಚ್ಚಿದ ದಾರಿಯಲ್ಲಿ ಅದು ಸುತ್ತುತ್ತಿರಬೇಕು, ಅಷ್ಟೇ. ವಾರಕ್ಕೆ ಅರ್ಧ ಲೀಟರ್ ನೀರು ಕೇಳುವ ಕಾರು ಅದನ್ನು ರಸ್ತೆಗೆ ಚೆಲ್ಲುತ್ತಿದೆ, ಇಲ್ಲವೇ ಕಾರಿನ ಒಳಗೆ ಸೋರಿಸುತ್ತಿದೆ, ಇಲ್ಲವೇ ಸಿಲಿಂಡರಿನಲ್ಲಿ ಸುಟ್ಟು ಹೊಗೆ ಮಾಡುತ್ತಿದೆ. ಕೆಲವೊಮ್ಮೆ ಇಂಜಿನ್ ಆಯಿಲ್‌ಗೂ ಬೆರೆಯುತ್ತದೆ. ಬೇರೆ ದಾರಿ ಇಲ್ಲ. “ಬ್ಯಾಸಗಿ ಐತ್ರಿ, ಎಲ್ಲಾ ಗಾಡಿ ಹೀಟ್ ಆಗತಾವ್ರಿ” ಎಂದು ಮಾರುವವರು ಹೇಳಿದರೆ ನಂಬಬೇಡಿ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಇದ್ದರೂ ಸರಿಯಾದ ಇಂಜಿನ್ 90ರಿಂದ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂಪನಿಯವರು ಅದನ್ನು ಕಟ್ಟಿದ್ದೇ ಇಂಥ ಬಿಸಿಲಿಗೆ.

ಹುಡುಕುವ ಕ್ರಮ ಮುಖ್ಯ. ಮೊದಲು ಸೋರಿಕೆ, ಆಮೇಲೆ ಹೀಟ್. ಕೂಲಂಟ್ ಕಡಿಮೆ ಇರುವ ಗಾಡಿ ಕೆಟ್ಟ ಪಂಪಿನ, ಕೆಟ್ಟ ಥರ್ಮೋಸ್ಟ್ಯಾಟಿನ, ಸುಟ್ಟ ಹೆಡ್ ಗ್ಯಾಸ್ಕೆಟ್ಟಿನ ಲಕ್ಷಣಗಳನ್ನೆಲ್ಲ ತೋರಿಸಬಲ್ಲದು. (ಥರ್ಮೋಸ್ಟ್ಯಾಟ್ ಎಂದರೆ ಬಿಸಿಗೆ ತಾನೇ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲ್.) ಮಟ್ಟ ಸರಿಮಾಡದೆ ಬಿಡಿಭಾಗ ಬದಲಿಸುತ್ತ ಹೋದರೆ ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಬೇಕಾದದ್ದು ಹೆಚ್ಚೇನಲ್ಲ: ಒಳ್ಳೆಯ ಟಾರ್ಚ್, ಕೈಗನ್ನಡಿ, ದೊಡ್ಡ ರಟ್ಟು, ಮಾರ್ಕರ್ ಪೆನ್, ದಪ್ಪ ಬಟ್ಟೆ, ಬ್ಯಾಟರಿ ನೀರಿನ (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) 5 ಲೀಟರ್ ಕ್ಯಾನ್. 2013ರ ನಂತರದ ಕಾರಾದರೆ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಓಬಿಡಿ ರೀಡರ್ ಕೂಡ ತೆಗೆದುಕೊಳ್ಳಿ. ಸಾವಿರ ರೂಪಾಯಿ ಒಳಗೂ ಸಿಗುತ್ತದೆ, ಕೂಲಂಟಿನ ಡಿಗ್ರಿಯನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಮುಳ್ಳಿನ ಗೇಜ್ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಕೆಂಪು ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಹಂತ 1: ಬೆಳಿಗ್ಗೆ, ತಣ್ಣಗಿದ್ದಾಗ

ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ಎತ್ತಿ. ಮುಚ್ಚಳ ಎಲ್ಲಿದೆ ನೋಡಿ, ಏಕೆಂದರೆ ವ್ಯವಸ್ಥೆ ಎರಡು ಬಗೆ. ರೇಡಿಯೇಟರ್ ನೆತ್ತಿಯ ಮೇಲೇ ಲೋಹದ ಮುಚ್ಚಳವಿದ್ದು ಪಕ್ಕದಲ್ಲೊಂದು ಸಾದಾ ಪ್ಲಾಸ್ಟಿಕ್ ಡಬ್ಬಿ ಇದ್ದರೆ, ಆ ಡಬ್ಬಿ ಬರೀ ರಿಸರ್ವ್. ರೇಡಿಯೇಟರಿಗೆ ಮುಚ್ಚಳವೇ ಇಲ್ಲದೆ ಡಬ್ಬಿಗೆ ಮಾತ್ರ ದಪ್ಪ ತಿರುಪಿನ ಮುಚ್ಚಳ ಇದ್ದರೆ, ಆ ಡಬ್ಬಿಯಲ್ಲೇ ಒತ್ತಡ ಇರುತ್ತದೆ.

ಮೊದಲ ಬಗೆಯಲ್ಲಿ ಜನ ಮೋಸಹೋಗುವುದು ಹೆಚ್ಚು. ರಿಸರ್ವ್ ಡಬ್ಬಿ ತುಂಬಿದೆ ಎಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದಲ್ಲ. ಕಾದಾಗ ಹಿಗ್ಗಿದ ಕೂಲಂಟ್ ಡಬ್ಬಿಗೆ ಬರುತ್ತದೆ, ತಣಿದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ನಡುವಿನ ಚಿಕ್ಕ ವಾಲ್ವ್ ಹಿಡಿದುಕೊಂಡಿದ್ದರೆ, ಅಥವಾ ಡಬ್ಬಿಗೆ ಹೋಗುವ ಬೆರಳು ಗಾತ್ರದ ಪೈಪು ಬಿರುಕು ಬಿಟ್ಟಿದ್ದರೆ, ಅದು ನೀರಿನ ಬದಲು ಗಾಳಿ ಎಳೆಯುತ್ತದೆ. ಡಬ್ಬಿಯಲ್ಲಿ ಮಟ್ಟ ಮೇಲೇ ಇರುತ್ತದೆ, ಒಳಗೆ ಒಂದು ಲೀಟರ್ ಕಡಿಮೆ. ಹಾಗಾಗಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಕಂಠದವರೆಗೆ ದ್ರವ ಇದೆಯೇ ಎಂದು ಕಣ್ಣಾರೆ ನೋಡಿ. ಬಿಸಿ ಇಂಜಿನ್ನಿನ ಮುಚ್ಚಳ ಯಾವ ಕಾರಣಕ್ಕೂ ಬಿಚ್ಚಬೇಡಿ. 110 ಡಿಗ್ರಿಯ ನೀರು ಮುಖಕ್ಕೆ ಚಿಮ್ಮುತ್ತದೆ.

ಬಣ್ಣ ನೋಡಿ. ಹಸಿರು, ಕೆಂಪು, ನೀಲಿ ಯಾವುದಾದರೂ ಇರಲಿ, ತಿಳಿಯಾಗಿರಬೇಕು. ಕೆಂಪು ಮಣ್ಣಿನ ರಾಡಿಯಂತಿದ್ದರೆ ಬರೀ ನೀರು ಓಡಿಸಿ ಒಳಗೆ ತುಕ್ಕು ಹಿಡಿದಿದೆ. ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಮೇಲೆ ಅನುಮಾನ.

ಇಷ್ಟಾದ ಮೇಲೆ ರೇಡಿಯೇಟರನ್ನು ಕಂಠದವರೆಗೆ (ಎರಡನೇ ಬಗೆಯಾದರೆ ಡಬ್ಬಿಯನ್ನು ಅದರ ಮ್ಯಾಕ್ಸ್ ಗುರುತಿನವರೆಗೆ ಮಾತ್ರ) ತುಂಬಿಸಿ, ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಇನ್ನು ಮುಂದೆ ಪ್ರತಿ ಬೆಳಿಗ್ಗೆ ಅದೇ ಸಪಾಟು ಜಾಗದಲ್ಲಿ ಗೆರೆ ನೋಡುವುದು. ನಾಲ್ಕಾರು ತಿಂಗಳಿಗೆ ನೂರು ಮಿಲಿ ಇಳಿದರೆ ಚಿಂತೆ ಇಲ್ಲ.

ಹಂತ 2: ಹಿಂದಿನ ಮಾಲೀಕರ ತೇಪೆ ಹುಡುಕುವುದು

ಹಳೇ ಕಾರಿನಲ್ಲಿ ನಿಮಗೆ ಬರುವುದು ದೋಷ ಮಾತ್ರವಲ್ಲ, ಅದನ್ನು ಮುಚ್ಚಿಡಲು ಮಾಡಿದ ಉಪಾಯವೂ ಬರುತ್ತದೆ. ಉಪಾಯ ಬಿಚ್ಚದೆ ದೋಷ ಕಾಣಿಸುವುದಿಲ್ಲ.

ಎಂ-ಸೀಲ್: ಈಗಿನ ರೇಡಿಯೇಟರುಗಳಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ತುದಿಯ ಟ್ಯಾಂಕು ಪ್ಲಾಸ್ಟಿಕ್. ಎರಡೂ ಸೇರುವ ಮಡಿಕೆಯಲ್ಲಿ, ಹೋಸ್ (ದಪ್ಪ ರಬ್ಬರ್ ಪೈಪು) ಕೂರುವ ಮೂತಿಯ ಬುಡದಲ್ಲಿ ಬೂದು ಬಣ್ಣದ ಲೇಪ ಕಂಡರೆ ಆ ರೇಡಿಯೇಟರ್ ಆಯುಸ್ಸು ಮುಗಿದಿದೆ ಎಂದೇ ಲೆಕ್ಕ ಹಾಕಿ, ಅದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆಯಿರಿ. ಬಿಸಿಗೆ ಪ್ಲಾಸ್ಟಿಕ್ಕೂ ಲೇಪವೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಅಲ್ಲೇ ಮತ್ತೆ ಬಿಡುತ್ತದೆ.

ಅರಿಶಿಣ ಪುಡಿ ಮತ್ತು ಸ್ಟಾಪ್-ಲೀಕ್ ಡಬ್ಬಿ (ಸೋರಿಕೆ ಮುಚ್ಚುವ ರೆಡಿಮೇಡ್ ಔಷಧ): ಸಣ್ಣ ತೂತು ಮುಚ್ಚಲು ರೇಡಿಯೇಟರಿಗೆ ಅರಿಶಿಣ ಸುರಿಯುವುದು ನಮ್ಮಲ್ಲಿ ಹಳೇ ರೂಢಿ. ತೂತು ಮುಚ್ಚುತ್ತದೆ ನಿಜ. ಆದರೆ ಅದೇ ಪುಡಿ ರೇಡಿಯೇಟರಿನ ಕಿರಿದಾದ ನಾಳಗಳಲ್ಲೂ, ಕಾರಿನ ಒಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರಿನಲ್ಲೂ ಗಸಿಯಾಗಿ ಕೂರುತ್ತದೆ. ಕಂಠದ ಒಳಗೆ ಬೆರಳಾಡಿಸಿದಾಗ ಹಳದಿ ಅಥವಾ ಕಂದು ಗಸಿ ಅಂಟಿದರೆ ಸುಳಿವು ಸಿಕ್ಕಿತು.

ಡೈರೆಕ್ಟ್ ಫ್ಯಾನ್: ಇಗ್ನಿಷನ್ ಹಾಕಿದ ಕೂಡಲೇ, ಇಂಜಿನ್ ತಣ್ಣಗಿದ್ದಾಗಲೇ, ಎಸಿ ಹಾಕದೆಯೇ ರೇಡಿಯೇಟರ್ ಫ್ಯಾನ್ ತಿರುಗಿದರೆ ಯಾರೋ ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್) ತಪ್ಪಿಸಿ ವೈರ್ ಎಳೆದಿದ್ದಾರೆ, ಇಲ್ಲವೇ ಟೆಂಪರೇಚರ್ ಸೆನ್ಸರ್ ಕೆಟ್ಟು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ರಕ್ಷಣೆಗೆಂದು ಫ್ಯಾನ್ ಓಡಿಸುತ್ತಿದೆ. ಸೆನ್ಸರ್ ಕೆಟ್ಟಿದ್ದರೆ ಚೆಕ್ ಇಂಜಿನ್ ದೀಪವೂ ಹತ್ತಿರುತ್ತದೆ. ಆ ದೀಪವನ್ನೂ ಕಿತ್ತವರಿದ್ದಾರೆ, ಕೀ ತಿರುಗಿಸಿದಾಗ ಅದು ಒಮ್ಮೆ ಬೆಳಗಲೇಬೇಕು.

ವಾಲ್ವ್ ತೆಗೆದಿರುವುದು: ಥರ್ಮೋಸ್ಟ್ಯಾಟ್ ಕಿತ್ತು ಖಾಲಿ ಗೂಡು ಮುಚ್ಚುವುದು ಇನ್ನೊಂದು ರೂಢಿ. “ನಮ್ಮ ಕಡೆ ಬಿಸಿಲಿಗೆ ಬೇಕಾಗಂಗಿಲ್ರಿ” ಎಂಬ ಸಮರ್ಥನೆಯೂ ಸಿದ್ಧವಿರುತ್ತದೆ. ಪರೀಕ್ಷೆ ಸುಲಭ: ತಣ್ಣನೆಯ ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ವಾಲ್ವ್ ಇದ್ದರೆ ಹಲವು ನಿಮಿಷ ತಣ್ಣಗಿದ್ದು, ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತ ಬರುತ್ತದೆ, ಹೆದ್ದಾರಿಯಲ್ಲಿ ರೀಡರ್ 70ರ ಮೇಲೆ ಏರುವುದೇ ಕಷ್ಟ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಎಂ ಪೆಟ್ರೋಲ್ ಹೆಚ್ಚು ಕೊಡುತ್ತದೆ, ಮೈಲೇಜ್ ಬೀಳುತ್ತದೆ. ಇನ್ನೊಂದು ಅಪಾಯವಿದೆ: ಹಲವು ಇಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ತೆರೆಯುವಾಗಲೇ ಅದರ ಹಿಂಭಾಗದ ತಟ್ಟೆ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಇಂಜಿನ್ನಿಗೇ ಮರಳುತ್ತದೆ. ಅಂಥ ಗಾಡಿ ಊರಲ್ಲಿ ತಂಪು, ಏರು ಹತ್ತುವಾಗ ಕುದಿ.

ಹಂತ 3: ಸೋರುವ ಜಾಗ

ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ, ಅದರ ನೇರಕ್ಕೆ ಮೇಲೆ ಹುಡುಕಿ. ಎಸಿ ಓಡಿಸಿದ ಮೇಲೆ ಎಡ ಸೀಟಿನ ಮುಂದುಗಡೆ ಕೆಳಗೆ ಬೀಳುವ ನೀರು ಸಾಮಾನ್ಯವಾಗಿ ಎಸಿಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬೆರಳಿಗೆ ಜಾರುವುದಿಲ್ಲ. ಕೂಲಂಟ್ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಬಾಯಿಗೆ ಹಚ್ಚಿ ನೋಡಬೇಡಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಬಿಸಿ ಲೋಹದ ಮೇಲೆ ಬಿದ್ದ ಹನಿ ಕೆಳಗೆ ತಲುಪುವ ಮೊದಲೇ ಆರುತ್ತದೆ. ಉಳಿಯುವುದು ಕಲೆ ಮಾತ್ರ: ಬಿಳಿ, ಹಸಿರು ಅಥವಾ ಗುಲಾಬಿ ಪುಡಿ. ಟಾರ್ಚ್ ಹಿಡಿದು ಆ ಪುಡಿಯನ್ನೇ ಹುಡುಕಿ. ಹೋಸ್ ಕ್ಲಿಪ್‌ಗಳ ಅಂಚು, ರೇಡಿಯೇಟರಿನ ಮಡಿಕೆ, ಥರ್ಮೋಸ್ಟ್ಯಾಟ್ ಗೂಡು ಮೊದಲು. ಆಮೇಲೆ ವಾಟರ್ ಪಂಪ್. ಪಂಪಿನ ಕೆಳಗೊಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ಅಲ್ಲಿಂದ ಕೂಲಂಟ್ ಜಿನುಗಲೆಂದೇ ಅದನ್ನು ಇಟ್ಟಿರುತ್ತಾರೆ. ಕನ್ನಡಿ ಬೇಕಾಗುವುದು ಇಲ್ಲೇ. ಆ ತೂತನ್ನು ಮುಚ್ಚಿ “ರಿಪೇರಿ” ಮಾಡಿದರೆ ಕೂಲಂಟ್ ಬೇರಿಂಗಿಗೆ ಹೋಗಿ ಪಂಪ್ ಜಾಮ್ ಆಗುತ್ತದೆ. ಟೈಮಿಂಗ್ ಬೆಲ್ಟ್ ಮೇಲೆ ಓಡುವ ಪಂಪ್ ಆದರೆ ಬೆಲ್ಟ್ ಹಾಗೂ ಪಂಪ್ ಒಟ್ಟಿಗೇ ಬದಲಿಸಿ, ಬಿಚ್ಚುವ ಕೂಲಿ ಒಂದೇ.

ಎಡಗಡೆ ಕಾಲಿನ ಕಾರ್ಪೆಟ್ ಎತ್ತಿ ಒತ್ತಿ ನೋಡಿ. ಅಂಟಂಟಾದ ತೇವ, ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡು ಮಂಜು ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಡೀಸೆಲ್ ಗಾಡಿಯಲ್ಲಿ ಹೊರಗೆಲ್ಲೂ ಸೋರಿಕೆ ಕಾಣದೆ ಕೂಲಂಟ್ ಇಳಿಯುತ್ತಿದ್ದರೆ ಇಜಿಆರ್ ಕೂಲರನ್ನೂ (ಇಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಭಾಗ) ಪಟ್ಟಿಗೆ ಸೇರಿಸಿ. ಅದು ಒಳಗೆ ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ದಾರಿ ಹಿಡಿಯುತ್ತದೆ, ಹೆಡ್ ಗ್ಯಾಸ್ಕೆಟ್ ಎಂದು ತಪ್ಪು ತೀರ್ಪು ಬರುತ್ತದೆ.

ಕಣ್ಣಿಗೆ ಸಿಗದಿದ್ದರೆ ಪ್ರೆಶರ್ ಟೆಸ್ಟ್. ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡುವುದು. ಮುಳ್ಳು ಅಲುಗದಿದ್ದರೆ ಸರಿ. ಇಳಿದರೆ ಎಲ್ಲೋ ಹನಿಯುತ್ತಿದೆ. ಹೊರಗೂ ಕಾರ್ಪೆಟ್ಟಿನಲ್ಲೂ ಹನಿಯೇ ಇಲ್ಲದೆ ಇಳಿದರೆ ಸೋರಿಕೆ ಇಂಜಿನ್ನಿನ ಒಳಗೆ, ಇಲ್ಲವೇ ಇಜಿಆರ್ ಕೂಲರಿನಲ್ಲಿ. ಗ್ಯಾರೇಜಿನಲ್ಲಿ ಇದನ್ನು ಮಾಡಿಸದೆ “ಹೆಡ್ ಇಳಸೂಣು” ಎಂದರೆ ಬೇರೆ ಗ್ಯಾರೇಜ್ ನೋಡಿ.

ಹಂತ 4: ಮುಚ್ಚಳ

ಕೆಲವು ನೂರು ರೂಪಾಯಿಯ ಈ ಸಾಮಾನು ಕೆಟ್ಟದ್ದಕ್ಕೆ ಇಂಜಿನ್ನೇ ಬಿಚ್ಚಿಸಿಕೊಂಡವರು ಕಡಿಮೆಯೇನಿಲ್ಲ. ಲೆಕ್ಕ ನೋಡಿ: ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಧಾರವಾಡ ಇನ್ನೂ ಎತ್ತರ. ಬಹುತೇಕ ಕಾರುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆಯುವುದು 82ರಿಂದ 88ರಲ್ಲಿ, ಫ್ಯಾನ್ ಚಾಲೂ ಆಗುವುದು 95ರಿಂದ 100ರ ಆಸುಪಾಸಿನಲ್ಲಿ. ಅಂದರೆ ಬರೀ ನೀರು ತುಂಬಿ, ಮುಚ್ಚಳ ಒತ್ತಡ ಹಿಡಿಯದಿದ್ದರೆ ಫ್ಯಾನ್ ಏಳುವ ಮೊದಲೇ ನೀರು ಕುದಿಯಬಹುದು. ಮುಚ್ಚಳ 1 ಬಾರ್ ಒತ್ತಡ ಹಿಡಿದರೆ ಅದೇ ನೀರು 120ರವರೆಗೆ ಕುದಿಯುವುದಿಲ್ಲ. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣವಾದರೆ ಇನ್ನೂ ಹತ್ತು ಡಿಗ್ರಿಯಷ್ಟು ಮೇಲೆ.

ಮುಚ್ಚಳದ ಮೇಲೆ 0.9, 1.1 ಅಥವಾ 88, 108 ಎಂಬ ಅಂಕಿ ಇರುತ್ತದೆ. ಮೊದಲೆರಡು ಬಾರ್, ಉಳಿದವು ಕಿಲೋಪಾಸ್ಕಲ್. ಅದೇ ಅಂಕಿಯ ಹೊಸದು ತನ್ನಿ. ಹೆಚ್ಚಿನದು ಹಾಕಿದರೆ ಹಳೇ ಹೋಸು ಒಡೆಯುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ, ಪರೀಕ್ಷೆ ಮಾಡುತ್ತ ಕೂರದೆ ಬದಲಿಸಿ.

ಹಂತ 5: ಯಾವಾಗ ಕಾಯುತ್ತದೆ?

ಸೋರಿಕೆ ನಿಂತಿದೆ, ಮಟ್ಟ ಸರಿಯಿದೆ, ಆದರೂ ಕಾಯುತ್ತದೆ ಎಂದರೆ ರೀಡರ್ ಹಾಕಿಕೊಂಡು ಓಡಿಸಿ. ಚೆನ್ನಮ್ಮ ಸರ್ಕಲ್ ಸುತ್ತಮುತ್ತ ಸಂಜೆ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ, ಆಮೇಲೆ ಗಬ್ಬೂರಿನಿಂದ ನರೇಂದ್ರದ ಕಡೆ ಬೈಪಾಸಿನಲ್ಲಿ 80ರ ವೇಗ. ಎರಡೂ ಬೇಕು, ಏಕೆಂದರೆ ಎರಡು ಬೇರೆ ದೋಷಗಳನ್ನು ತೋರಿಸುತ್ತವೆ.

ನಿಂತಾಗ ಏರಿ, ಓಡುವಾಗ ಇಳಿದರೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ನೋಡಿ. ನಿಂತಾಗ ಸರಿಯಿದ್ದು ವೇಗದಲ್ಲಿ ಏರಿದರೆ ನೀರಿನ ಓಟ ಸಾಲುತ್ತಿಲ್ಲ: ಕಟ್ಟಿಕೊಂಡ ರೇಡಿಯೇಟರ್, ಪಂಪಿನ ರೆಕ್ಕೆ ಸವೆತ, ಅಥವಾ ಎಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್. ಚಾಲೂ ಮಾಡಿದ ಐದಾರು ನಿಮಿಷಕ್ಕೇ 105 ದಾಟಿ, ಕೆಳಗಿನ ಹೋಸ್ ತಣ್ಣಗೇ ಇದ್ದರೆ ಥರ್ಮೋಸ್ಟ್ಯಾಟ್ ಮುಚ್ಚಿ ಕೂತಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಊರಲ್ಲೂ ಬೈಪಾಸಿನಲ್ಲೂ ಸರಿಯಿದ್ದು, ಅಂಕೋಲೆಯಿಂದ ಬರುವಾಗ ಅರಬೈಲ್ ಘಟ್ಟ ಹತ್ತುವಾಗ ಮಾತ್ರ ಕಾದರೆ ರೇಡಿಯೇಟರಿನ ಶಕ್ತಿ ತಗ್ಗಿದೆ ಎಂದು ತಿಳಿಯಿರಿ.

ಒಂದು ಎಚ್ಚರಿಕೆ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಕಡಿಮೆ ಡಿಗ್ರಿ ತೋರಿಸಬಹುದು. ಏರುತ್ತಿದ್ದ ಅಂಕಿ ಕಾರಣವಿಲ್ಲದೆ ಸರ್ರನೆ ಇಳಿದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

ಹಂತ 6: ಫ್ಯಾನ್, ಥರ್ಮೋಸ್ಟ್ಯಾಟ್, ರೇಡಿಯೇಟರ್

ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ಎಸಿಗೆ ತಿರುಗಿ, 100 ಡಿಗ್ರಿ ದಾಟಿದರೂ ತಾನಾಗಿ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ, ಸೆನ್ಸರ್ ಅಥವಾ ರಿಲೇ ದೋಷ. ಎರಡು ಫ್ಯಾನ್ ಇರುವ ಗಾಡಿಯಲ್ಲಿ ಯಾವುದು ತಿರುಗಿತು ಎಂದು ನೋಡಿಕೊಳ್ಳಿ, ಎಸಿಯ ಫ್ಯಾನ್ ಬೇರೆ ಇರಬಹುದು. ಎರಡಕ್ಕೂ ಅಲುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಮೋಟರ್ ಪರೀಕ್ಷೆ. ಯಾರಾದರೂ ವೈರ್ ಕೆದಕಿದ ಗಾಡಿಯಾದರೆ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಫ್ಯಾನ್ ಅದನ್ನು ಎಳೆದುಕೊಳ್ಳಬೇಕು. ತಳ್ಳಿದರೆ ಪ್ಲಸ್-ಮೈನಸ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ.

ಥರ್ಮೋಸ್ಟ್ಯಾಟನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಟ್ಟು ನೋಡಿ. ಅದರ ಮೇಲೆ ಕೊರೆದ ಅಂಕಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು, ಇನ್ನು ಹತ್ತು ಹನ್ನೆರಡು ಡಿಗ್ರಿಗೆ ಸುಮಾರು 8 ಮಿಮೀ ಬಾಯಿಬಿಡಬೇಕು. ಕೂರಿಸುವಾಗ ಗಾಳಿ ಹೋಗುವ ಚಿಕ್ಕ ತೂತು ಮೇಲ್ಮುಖವಾಗಿರಲಿ.

ರೇಡಿಯೇಟರ್ ಹೊರಗಿನಿಂದಲೂ ಕಟ್ಟುತ್ತದೆ, ಒಳಗಿನಿಂದಲೂ ಕಟ್ಟುತ್ತದೆ. ಹೊರಗಿನದು ನಮ್ಮ ಸೀಮೆಯ ವಿಶೇಷ. ಸುಗ್ಗಿಯಲ್ಲಿ ಅಣ್ಣಿಗೇರಿ, ನವಲಗುಂದ ಕಡೆ ಕಡಲೆ, ಜೋಳ ರಸ್ತೆ ಮೇಲೇ ಹರವಿರುತ್ತಾರೆ. ಅದರ ಹೊಟ್ಟು, ಎರೆ ಮಣ್ಣಿನ ಧೂಳು, ಹತ್ತಿ ಗಾಡಿಗಳಿಂದ ಹಾರಿದ ಅರಳೆ ಎಲ್ಲವೂ ಎಸಿ ಕಂಡೆನ್ಸರಿಗೂ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ರೇಡಿಯೇಟರಿಗೂ ನಡುವಿನ ಎರಡು ಬೆರಳಿನ ಸಂದಿಯಲ್ಲಿ ಕಂಬಳಿಯಾಗಿ ಕೂರುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ, ಹಿಂದೆ ಕತ್ತಲು. ಮೇಲಿನ ಬ್ರಾಕೆಟ್ ಸಡಿಲಿಸಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಇಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲನೆಯ ನೀರು ಬಿಡಿ. ಕಾರ್ ವಾಷಿನ ಗನ್ ಹತ್ತಿರ ಹಿಡಿದರೆ ಜಾಲರಿಯ ತೆಳು ತಗಡುಗಳಾದ ಫಿನ್ನುಗಳು ಮಡಚಿ ಗಾಳಿಯ ದಾರಿಯನ್ನೇ ಮುಚ್ಚುತ್ತವೆ.

ಒಳಗಿನದಕ್ಕೆ ಕಾರಣ ಬೋರ್‌ವೆಲ್ಲಿನ ಸವಳು ನೀರು. ಅದರ ಸುಣ್ಣದಂಶ ಬಿಸಿ ಲೋಹದ ಮೇಲೆ ಪದರಗಟ್ಟುತ್ತದೆ, ಉಪ್ಪಿನಂಶ ಅಲ್ಯೂಮಿನಿಯಂ ತಿನ್ನುತ್ತದೆ. ಕಾದ ರೇಡಿಯೇಟರಿನ ಮೈಮೇಲೆ ಇಂಜಿನ್ ನಿಲ್ಲಿಸಿ ಎಚ್ಚರದಿಂದ ಕೈಯಾಡಿಸಿದರೆ ಕಟ್ಟಿದ ಭಾಗ ತಣ್ಣಗೆ ಸಿಗುತ್ತದೆ. ತೊಳೆಯಲು ಕಾಸ್ಟಿಕ್ ಸೋಡಾ, ಪಾಯಿಖಾನೆ ಆಸಿಡ್ ಬಳಸಲು ಬಿಡಬೇಡಿ. ಹಿತ್ತಾಳೆ-ತಾಮ್ರದ ಹಳೇ ರೇಡಿಯೇಟರ್ ಕಾಲದ ಕಾಸ್ಟಿಕ್ ಪದ್ಧತಿ ಅಲ್ಯೂಮಿನಿಯಂ ಜಾಲರಿಯನ್ನು ಕೊರೆದುಬಿಡುತ್ತದೆ. ರೆಡಿಮೇಡ್ ಫ್ಲಶ್ ದ್ರವಕ್ಕೆ ಜಗ್ಗದಿದ್ದರೆ ಹೊಸದೇ ಹಾಕಿಸಿ.

ಹಂತ 7: ಹೆಡ್ ಗ್ಯಾಸ್ಕೆಟ್ ಎಂದು ಒಪ್ಪುವ ಮೊದಲು

ಒಂದೇ ಲಕ್ಷಣದ ಮೇಲೆ ತೀರ್ಪು ಕೊಡಬಾರದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಚಹಾದಂಥ ನೊರೆ ಕಂಡ ಕೂಡಲೇ ಹೆದರಿಸುತ್ತಾರೆ. ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ತೇವದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೂ ಹಾಗೇ ಇದ್ದರೆ ಮಾತ್ರ ಗಂಭೀರ.

ತಣ್ಣಗಿದ್ದಾಗ ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿ. ಮೊದಲ ಕೆಲ ಗುಳ್ಳೆ ಸಿಕ್ಕಿಕೊಂಡ ಗಾಳಿ ಇರಬಹುದು. ನಿಲ್ಲದೆ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಂತೆ ಹೆಚ್ಚಿದರೆ ಸಿಲಿಂಡರಿನ ಗ್ಯಾಸ್ ನುಗ್ಗುತ್ತಿದೆ. ನೀರು ಬೆಚ್ಚಗಾಗುವ ಮೊದಲು ಇದನ್ನು ಮುಗಿಸಿ ಮುಚ್ಚಳ ಹಾಕಿ. ಇನ್ನೊಂದು ದಿನ ಮುಚ್ಚಳ ಹಾಕಿಯೇ ಚಾಲೂ ಮಾಡಿ ಮೇಲಿನ ಹೋಸ್ ಹಿಸುಕಿ: ಒಂದೆರಡು ನಿಮಿಷದಲ್ಲೇ, ಇನ್ನೂ ತಣ್ಣಗಿರುವಾಗಲೇ ಕಲ್ಲಾದರೆ ಅದೂ ಅದೇ ಸಾಕ್ಷಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಮೂರು ಕಂದು, ಒಂದು ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಕೊನೆಯ ಮಾತು ನೀಲಿ ದ್ರವದ ಬ್ಲಾಕ್ ಟೆಸ್ಟ್: ಕಂಠದ ಮೇಲಿನ ಗಾಳಿಯನ್ನು ದ್ರವದ ಮೂಲಕ ಎಳೆದಾಗ, ಸುಟ್ಟ ಗ್ಯಾಸ್ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ, ಡೀಸೆಲ್ಲಿನಲ್ಲಿ ಹಸಿರಿಗೆ.

ಹೆಡ್ ಇಳಿಸಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಲು ಬಿಡಬೇಡಿ. ಲೇತಿಗೆ ಕಳಿಸಿ ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಬಾಗು ಅಳೆಸಿ. ಹಲವು ಸಣ್ಣ ಪೆಟ್ರೋಲ್ ಇಂಜಿನ್‌ಗಳಿಗೆ ಮಿತಿ 0.05 ಮಿಮೀ. ಬಿರುಕಿಗೆ ಪ್ರೆಶರ್ ಪರೀಕ್ಷೆಯೂ ಆಗಲಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಅಂಚಿಗೆ, ಕಂಪನಿ ಹೇಳಿದ ಹಂತಗಳಲ್ಲಿ ಬಿಗಿಯಬೇಕು.

ಹಂತ 8: ತುಂಬಿಸುವುದು

ಡಬ್ಬಿಯ ಮೇಲೆ ರೆಡಿಮಿಕ್ಸ್ ಎಂದಿದ್ದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಸಮಪಾಲು ಬ್ಯಾಟರಿ ನೀರು. ಬಣ್ಣ ನೋಡಿ ಹೊಂದಿಸಬೇಡಿ, ಬಣ್ಣಕ್ಕೆ ಕಂಪನಿಗಳ ನಡುವೆ ಯಾವ ಒಪ್ಪಂದವೂ ಇಲ್ಲ. ಮ್ಯಾನ್ಯುವಲ್ಲಿನಲ್ಲಿ ಹೇಳಿದ ಬಗೆಯನ್ನೇ ಹಾಕಿ, ಬೇರೆ ಬಗೆ ಬೆರೆತರೆ ಲೋಳೆಗಟ್ಟಬಹುದು.

ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರೆ ಅರ್ಧದಷ್ಟೇ ಇಳಿಯುತ್ತದೆ, ಉಳಿದದ್ದು ಬ್ಲಾಕಿನಲ್ಲಿ. ಫ್ಲಶ್ ಮಾಡಿ ಕೊನೆಯ ಸುತ್ತು ಬ್ಯಾಟರಿ ನೀರಿನಲ್ಲೇ ತೊಳೆದಿದ್ದರೆ ಒಳಗೆ ಉಳಿದದ್ದು ಶುದ್ಧ ನೀರು. ಆದ್ದರಿಂದ ಒಟ್ಟು ಸಾಮರ್ಥ್ಯ 5 ಲೀಟರ್ ಎಂದಿದ್ದರೆ ಮೊದಲು ಎರಡೂವರೆ ಲೀಟರ್ ಕಾನ್ಸಂಟ್ರೇಟ್ ಸುರಿದು, ಆಮೇಲೆ ಹಿಡಿದಷ್ಟು ನೀರು ಹಾಕಿ.

ಗಾಡಿಯ ಮುಂಭಾಗ ಸ್ವಲ್ಪ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ. ಕಂಠಕ್ಕೆ ಆಲಿಕೆ ಇಟ್ಟು ಐಡಲ್‌ನಲ್ಲಿ ಓಡಿಸುತ್ತ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತ, ಇಳಿದಷ್ಟು ಹಾಕುತ್ತ ಹೋಗಿ. ಮಟ್ಟ ಒಮ್ಮೆ ಗುಳುಕ್ಕನೆ ಇಳಿದರೆ ಥರ್ಮೋಸ್ಟ್ಯಾಟ್ ತೆರೆದಿದೆ. ತುಂಬಿಸಿ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಿಸಿ. ಒಳಗೆ ಹೀಟರಿನ ಗಾಳಿ ಸುಡುವಷ್ಟು ಬಿಸಿ ಬರಬೇಕು. ತಣ್ಣಗೆ ಬಂದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ. ಮಾರನೆಯ ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ಇಳಿಸಿದ ಹಳೇ ಕೂಲಂಟನ್ನು ತೆರೆದ ಬೋಗುಣಿಯಲ್ಲಿ ಬಿಡಬೇಡಿ, ಸಿಹಿ ಎಂದು ನಾಯಿಗಳು ಕುಡಿದು ಸಾಯುತ್ತವೆ.

ದಾರಿಯಲ್ಲಿ ಕಾದರೆ

ಮುಳ್ಳು ಏರುತ್ತಿದೆ ಅಷ್ಟೇ ಎಂದಾದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರಿಗೆ ಇಟ್ಟು ಪಕ್ಕಕ್ಕೆ ಬನ್ನಿ. ಹೀಟರ್ ಕೋರ್ ಆಗ ಎರಡನೇ ರೇಡಿಯೇಟರ್ ಆಗಿ ಕೆಲಸ ಮಾಡುತ್ತದೆ. ಕೆಂಪು ದೀಪ ಹತ್ತಿದರೆ, ಆವಿ ಎದ್ದರೆ ಇಂಜಿನ್ ಕೂಡಲೇ ಬಂದ್. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಇಂಜಿನ್ ಮೇಲೆ ತಣ್ಣೀರು ಸುರಿಯುವುದು ಬೇಡ, ಅಲ್ಯೂಮಿನಿಯಂ ಹೆಡ್ ಬಿರುಕು ಬಿಡುತ್ತದೆ. ತಣಿದ ಮೇಲೆ ದಪ್ಪ ಬಟ್ಟೆ ಇಟ್ಟು ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಬುಸುಗುಟ್ಟುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ನೀರು ನಿಧಾನ ತುಂಬಿಸಿ, ಸುರಿದ ನೀರು ಕೆಳಗೆ ಎಷ್ಟು ಬೇಗ ಇಳಿಯುತ್ತಿದೆ ನೋಡಿ. ಹನಿಹನಿಯಾದರೆ ಮಟ್ಟ ನೋಡಿಕೊಳ್ಳುತ್ತ ಹತ್ತಿರದ ಗ್ಯಾರೇಜ್ ಮುಟ್ಟಬಹುದು. ಧಾರೆಯಾಗಿ ಹೋದರೆ, ಅಥವಾ ಸ್ಟಾರ್ಟ್ ಮಾಡಿದಾಗ ಇಂಜಿನ್ ಒಂದು ಸಿಲಿಂಡರ್ ತಪ್ಪಿ ನಡುಗಿದರೆ, ಟೋಯಿಂಗ್ ಗಾಡಿಗೆ ಫೋನ್ ಮಾಡಿ.